ಎಸೆಯುವ ಕೈಗೆ ವರ್ಷದ ಲೆಕ್ಕ: ಜಿಮ್, ಈಜುಕೊಳ, ಕಡಲ ಮರಳು, ರಬ್ಬರ್ ಟ್ಯೂಬ್ – ಯಾರಿಗೆ ಯಾವುದು?

ಮೇ ತಿಂಗಳು ಮುಗಿಯುತ್ತ ಬಂದಂತೆ ಪ್ರತಿ ವರ್ಷವೂ ನನ್ನನ್ನು ಹುಡುಕಿಕೊಂಡು ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಗ ಕಾಲೇಜಿನ ಬೇಸ್‌ಬಾಲ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು), ಮಳೆ ಹಿಡಿದರೆ ಮೈದಾನ ಸಿಗುವುದಿಲ್ಲ, ಅವನನ್ನು ಜಿಮ್‌ಗೆ ಸೇರಿಸುವುದೋ ಈಜಿಗೆ ಕಳುಹಿಸುವುದೋ ಎಂದು ತಂದೆಯೊಬ್ಬರು ಕೇಳುತ್ತಾರೆ. ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡದಲ್ಲಿದ್ದಾಳೆ, ವಾರಕ್ಕೆರಡು ದಿನ ಒಳಾಂಗಣದಲ್ಲಾದರೂ ಎಸೆಯದಿದ್ದರೆ ಕೈ ಮರೆತುಹೋಗುವುದಿಲ್ಲವೇ ಎಂಬ ಆತಂಕ ಇನ್ನೊಬ್ಬರದು. ವಾರವಿಡೀ ಕಚೇರಿಯಲ್ಲಿ ಕುಳಿತು, ಶನಿವಾರ ರಾತ್ರಿಯ ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟದಲ್ಲಿ ಶಕ್ತಿಯಿದ್ದಷ್ಟೂ ಬೌಲಿಂಗ್ ಮಾಡಿ, ಸೋಮವಾರ ಬೆಳಗ್ಗೆ ಅಂಗಿಗೆ ಕೈ ತೂರಿಸಲಾಗದೆ ಒದ್ದಾಡುವ ಮೂವತ್ತೈದರ ಗೆಳೆಯರೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಟ ಬೇರೆ, ಚೆಂಡಿನ ತೂಕ ಬೇರೆ. ಆದರೆ ಭುಜ ಮತ್ತು ಮೊಣಕೈ ಕೆಡುವ ಬಗೆ ಬಹುಮಟ್ಟಿಗೆ ಒಂದೇ ಆದ್ದರಿಂದ, ಎಲ್ಲರಿಗೂ ಒಟ್ಟಾಗಿ ಉತ್ತರಿಸುವ ಪ್ರಯತ್ನ ಇದು.

ಆಯ್ಕೆಗಳನ್ನು ತೂಗುವ ಮೊದಲು ತಕ್ಕಡಿ ಸರಿಯಿರಬೇಕು. ಎಸೆಯುವವನ ಕೈ ಒಂದು ದಿನದ ಒಂದು ಎಸೆತದಿಂದ ಕೆಡುವುದು ಅಪರೂಪ. ಬಿಡುವಿಲ್ಲದ ತಿಂಗಳುಗಳು ಸೇರಿ ಅದನ್ನು ಕೆಡಿಸುತ್ತವೆ. ಬೇಸ್‌ಬಾಲ್ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್ ಟಾಮಿ ಜಾನ್ ಅವರ ಮೊಣಕೈಯ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ) ಹರಿದಾಗ, ಡಾ. ಫ್ರಾಂಕ್ ಜೋಬ್ ಅವರು ಇನ್ನೊಂದು ಕೈಯ ಮುಂಗೈಯಿಂದ ತೆಗೆದ ಸ್ನಾಯುರಜ್ಜನ್ನು ಅಲ್ಲಿ ಹೊಲಿದು ಸರಿಪಡಿಸಿದರು. 1975ರ ಋತು ಪೂರ್ತಿ ಹೊರಗುಳಿದ ಜಾನ್, 1976ರಲ್ಲಿ ಮರಳಿ 1989ರವರೆಗೆ ಆಡಿದರು. ಅಂದು ಪವಾಡವೆನಿಸಿದ ಆ ಶಸ್ತ್ರಚಿಕಿತ್ಸೆ ಇಂದು ಅಮೆರಿಕದ ಹದಿಹರೆಯದ ಹುಡುಗರಿಗೂ ನಡೆಯುತ್ತಿದೆ. 2006ರಲ್ಲಿ ಅಲ್ಲಿ ಪ್ರಕಟವಾದ ಒಂದು ಅಧ್ಯಯನವು ಶಸ್ತ್ರಚಿಕಿತ್ಸೆಗೆ ಒಳಗಾದ ಹದಿಹರೆಯದ ಪಿಚರ್‌ಗಳನ್ನು ನೋವಿಲ್ಲದ ಪಿಚರ್‌ಗಳೊಡನೆ ಹೋಲಿಸಿತ್ತು. ವರ್ಷಕ್ಕೆ 8 ತಿಂಗಳಿಗಿಂತ ಹೆಚ್ಚು ಸ್ಪರ್ಧಾತ್ಮಕವಾಗಿ ಎಸೆಯುವವರಲ್ಲಿ ಅಪಾಯ ಸುಮಾರು 5 ಪಟ್ಟು, ಕೈ ದಣಿದಿದ್ದರೂ ಎಸೆಯುತ್ತಲೇ ಇರುವವರಲ್ಲಿ 36 ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂತು. ದಣಿವಿನ ಆ ಸಂಖ್ಯೆಯನ್ನು ಓದುವಾಗಲೆಲ್ಲ, ‘ಇನ್ನೊಂದೇ ಓವರ್ ಹಾಕು’ ಎಂದು ನಾನೇ ಹುಡುಗರಿಗೆ ಹೇಳಿದ ಸಂಜೆಗಳು ನೆನಪಾಗಿ ಮುಜುಗರವಾಗುತ್ತದೆ.

ಈ ಹಿನ್ನೆಲೆಯಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಗಳು 2014ರಲ್ಲಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿಯನ್ನು ಹೊರತಂದವು. ಅದರ ಪ್ರಕಾರ ದಿನವೊಂದಕ್ಕೆ 11–12ರ ವಯಸ್ಸಿನವರು 85, 13ರಿಂದ 16ರವರು 95, 17–18ರವರು 105 ಎಸೆತಗಳನ್ನು ಮೀರುವಂತಿಲ್ಲ. ಶಾಲಾ ವಯಸ್ಸಿನ ಪಿಚರ್‌ಗಳು ವರ್ಷಕ್ಕೆ ಕನಿಷ್ಠ 4 ತಿಂಗಳು ಸ್ಪರ್ಧೆಯ ಎಸೆತದಿಂದ ದೂರವಿರಬೇಕು. ಅದರಲ್ಲಿ 2–3 ತಿಂಗಳು ಬೆನ್ನುಬೆನ್ನಿಗೆ, ತಲೆಯ ಮೇಲಿಂದ ಯಾವ ಎಸೆತವೂ ಇಲ್ಲದೆ ಕಳೆಯಬೇಕು. ನನ್ನ ದೃಷ್ಟಿಯಲ್ಲಿ ಇಡೀ ಮಾರ್ಗಸೂಚಿಯ ತಿರುಳು ಇರುವುದು ಈ ಕೊನೆಯ ಮಾತಿನಲ್ಲಿ. ಕರಾವಳಿಯವರಿಗೆ ಇದನ್ನು ಯಾರೂ ಅಮೆರಿಕದಿಂದ ಬಂದು ಕಲಿಸಬೇಕಾಗಿಲ್ಲ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಂತು, ಮಲ್ಪೆ ಬಂದರಿನಲ್ಲಿ ದೋಣಿಗಳು ಸಾಲಾಗಿ ತಂಗುತ್ತವೆ. ಆ ಎರಡು ತಿಂಗಳಲ್ಲಿ ಮೀನುಗಾರರು ಸುಮ್ಮನೆ ಕೂರುವುದಿಲ್ಲ. ಬಲೆ ಹೆಣೆಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ. ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ 3,000 ಮಿ.ಮೀ. ಆಸುಪಾಸಿನ ಮಳೆ ನಮ್ಮ ಎಸೆತಗಾರರಿಗೆ ಬೇಡವೆಂದರೂ ಇಂಥದ್ದೇ ಒಂದು ರಜೆಯನ್ನು ಕೊಡುತ್ತದೆ. ಅದನ್ನು ದುರಸ್ತಿಗೆ ಬಳಸಬೇಕೋ, ಮುಚ್ಚಿದ ಛಾವಣಿಯಡಿ ಮತ್ತೆ ಎಸೆಯುವುದರಲ್ಲಿ ಕಳೆಯಬೇಕೋ ಎಂಬುದು ನಿಜವಾದ ಆಯ್ಕೆ. ಜಿಮ್ಮೋ ಈಜೋ ಎಂಬುದು ಅದರ ನಂತರದ ಮಾತು.

ಹಾಗಾಗಿ ಪ್ರತಿ ಆಯ್ಕೆಯನ್ನೂ ನಾನು ಐದು ಪ್ರಶ್ನೆಗಳಿಂದ ಅಳೆಯುತ್ತೇನೆ. ಎಸೆಯುವ ಭುಜಕ್ಕೆ ಅದರಿಂದ ನಿಜವಾದ ಬಿಡುವು ಸಿಗುತ್ತದೆಯೇ? ಚೆಂಡು ಕೈಬಿಟ್ಟ ಮೇಲೆ ಬೀಸುವ ಕೈಯನ್ನು ತಡೆದು ನಿಲ್ಲಿಸುವ, ಭುಜದ ಹಿಂಬದಿಯ ಸ್ನಾಯುಗಳು ಅದರಿಂದ ಗಟ್ಟಿಯಾಗುತ್ತವೆಯೇ? ಎಸೆತದ ಬಲ ಹುಟ್ಟುವುದು ಕಾಲು, ಸೊಂಟ ಮತ್ತು ಬೆನ್ನಿನಲ್ಲಾದ್ದರಿಂದ ಅವುಗಳಿಗೆ ಕೆಲಸ ಸಿಗುತ್ತದೆಯೇ? ಆಟಿಯ (ಜುಲೈ–ಆಗಸ್ಟ್‌ನ) ಮಳೆಯಲ್ಲೂ ತಪ್ಪದೆ ನಡೆಯುವಂಥದ್ದೇ? ತಪ್ಪು ಮಾಡಿದರೆ ತಿದ್ದುವವರು ಯಾರಾದರೂ ಇದ್ದಾರೆಯೇ? ಖರ್ಚು ಆರನೆಯದು, ಅದನ್ನು ಬೇರೆಯಾಗಿ ಎಣಿಸದೆ ಆಯಾ ಕಡೆಯೇ ಹೇಳುತ್ತ ಹೋಗುತ್ತೇನೆ.

ಒಳಾಂಗಣ ನೆಟ್ಸ್‌ನಲ್ಲಿ ಎಸೆತ ಮುಂದುವರಿಸುವುದು ಎಲ್ಲಕ್ಕಿಂತ ಆಕರ್ಷಕ ಆಯ್ಕೆ, ಮತ್ತು ಮೊದಲ ಪ್ರಶ್ನೆಯಲ್ಲೇ ಸೋಲುವ ಆಯ್ಕೆ. ಲಯ ತಪ್ಪುವುದಿಲ್ಲ, ತರಬೇತುದಾರರ ಕಣ್ಣಿರುತ್ತದೆ, ಮಳೆಯ ಹಂಗಿಲ್ಲ ಎಂಬುದೆಲ್ಲ ನಿಜ. ಆದರೆ ಕಾಂಕ್ರೀಟಿನ ಮೇಲೆ ಹಾಸಿದ ತೆಳು ಚಾಪೆ ವೇಗದ ಬೌಲರನ ಮುಂಗಾಲಿಗೂ ಕೆಳಬೆನ್ನಿಗೂ ಮೈದಾನದ ಮಣ್ಣಿಗಿಂತ ಹೆಚ್ಚು ಪೆಟ್ಟು ಕೊಡುತ್ತದೆ. ಹದಿಹರೆಯದ ವೇಗದ ಬೌಲರ್‌ಗಳಲ್ಲಿ ಕೆಳಬೆನ್ನಿನ ಮೂಳೆ ಬಿರುಕು ಬಿಡುವುದು ತೀರಾ ಪರಿಚಿತ ತೊಂದರೆ. ಕಾಲೇಜು ದಿನಗಳಲ್ಲಿ ನಾನು ಒಂದು ಇಡೀ ಮಳೆಗಾಲ, ಹೆಸರು ಬೇಡ, ಒಂದು ಶೆಡ್ಡಿನಲ್ಲಿ ದಿನವೂ ಬೌಲಿಂಗ್ ಮಾಡಿದೆ. ಅಕ್ಟೋಬರ್‌ನಲ್ಲಿ ಪಂದ್ಯಾಟಗಳು ಶುರುವಾಗುವ ಹೊತ್ತಿಗೆ ಎಲ್ಲರಿಗಿಂತ ಸಿದ್ಧನಾಗಿದ್ದವನೂ ನಾನೇ, ಡಿಸೆಂಬರ್‌ನಲ್ಲಿ ಬಸ್ಸಿನ ಮೇಲ್ಗಂಬಿ ಹಿಡಿಯಲಾಗದೆ ಎಡಗೈಗೆ ಬದಲಾಯಿಸಿಕೊಂಡವನೂ ನಾನೇ. ವಯಸ್ಕರು, ಅದೂ ಸ್ಪಿನ್ನರ್‌ಗಳು, ಸೆಪ್ಟೆಂಬರ್‌ನಲ್ಲಿ ಒಳಾಂಗಣವನ್ನು ಬಳಸಲಿ, ಆಕ್ಷೇಪವಿಲ್ಲ. ಜೂನ್, ಜುಲೈ, ಆಗಸ್ಟ್‌ಗಳಲ್ಲಿ ಆ ಹಣವನ್ನು ಉಳಿಸಿ.

ಜಿಮ್‌ನ ವಿಷಯಕ್ಕೆ ಬಂದರೆ, ಕಾಲು ಮತ್ತು ಬೆನ್ನಿನ ಬಲಕ್ಕೆ ಅದಕ್ಕೆ ಸಾಟಿಯಿಲ್ಲ. ತೂಕವನ್ನು ವಾರವಾರಕ್ಕೆ ಲೆಕ್ಕವಿಟ್ಟು ಏರಿಸಬಹುದು, ಮಳೆ ತಡೆಯುವುದಿಲ್ಲ. ತೊಂದರೆಯಿರುವುದು ಅಲ್ಲಿನ ರೂಢಿಯಲ್ಲಿ. ಹೊಸದಾಗಿ ಸೇರಿದ ಹುಡುಗನಿಗೆ ಸೋಮವಾರ ಎದೆ, ಮಂಗಳವಾರ ತೋಳು ಎಂಬ ಪಟ್ಟಿ ಸಿಗುತ್ತದೆ. ಕನ್ನಡಿಯಲ್ಲಿ ಕಾಣುವ ಸ್ನಾಯುಗಳಿಗೇ ಆದರ. ಎದೆ ಬಲಿತು ಭುಜದ ಹಿಂಬದಿ ಸೊರಗಿದರೆ ಭುಜಗಳು ಮುಂದಕ್ಕೆ ಬಾಗುತ್ತವೆ, ಎಸೆಯುವಾಗ ಹೆಗಲೆಲುಬು ಸರಿಯಾಗಿ ಜರುಗುವುದಿಲ್ಲ. ಎಸೆತಗಾರನಿಗೆ ಒಂದು ಪಾಲು ತಳ್ಳುವ ವ್ಯಾಯಾಮಕ್ಕೆ ಎರಡು ಪಾಲು ಎಳೆಯುವ ವ್ಯಾಯಾಮವಿರಲಿ: ಡಂಬೆಲ್ ರೋಯಿಂಗ್, ಕೇಬಲ್ಲನ್ನು ಮುಖದ ಮಟ್ಟಕ್ಕೆ ಎಳೆಯುವುದು, ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್, ಒಂಟಿ ಕಾಲಿನ ಬಸ್ಕಿ. ಕುತ್ತಿಗೆಯ ಹಿಂದಿನಿಂದ ಬಾರ್ ಎತ್ತುವ ಪ್ರೆಸ್ ಬೇಡವೇ ಬೇಡ. ಜಿಮ್ ಆರಿಸುವಾಗ ಯಂತ್ರಗಳ ಹೊಳಪನ್ನು ನೋಡುವ ಬದಲು, ‘ನಾನು ಎಸೆತಗಾರ, ನನ್ನ ಪಟ್ಟಿಯನ್ನು ಬದಲಾಯಿಸುತ್ತೀರಾ’ ಎಂದು ತರಬೇತುದಾರರನ್ನು ಕೇಳಿ. ಅವರು ಮರುಪ್ರಶ್ನೆ ಹಾಕಿದರೆ ಸೇರಿ, ಅದೇ ಪಟ್ಟಿಯನ್ನು ಕೈಗಿತ್ತರೆ ಹೊರಬನ್ನಿ. ಹಣ ಕಡಿಮೆಯಿದ್ದವರಿಗೆ ಮಂಗಳೂರಿನ ಹಳೆಯ ವ್ಯಾಯಾಮಶಾಲೆಗಳು ಇಂದಿಗೂ ಒಳ್ಳೆಯವು. ಹವಾನಿಯಂತ್ರಣವಿಲ್ಲದಿರಬಹುದು, ಬಾರ್‌ಗೆ ಕಡಲ ಗಾಳಿಯ ತುಕ್ಕು ಹಿಡಿದಿರಬಹುದು, ಆದರೆ ತೂಕ ತೂಕವೇ. ಮಕ್ಕಳು ತೂಕ ಎತ್ತಿದರೆ ಕುಳ್ಳಾಗುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಬಲ್ಲವರ ಎದುರಿನಲ್ಲಿ, ಹಗುರ ತೂಕದಲ್ಲಿ, ಸರಿಯಾದ ಭಂಗಿಯಲ್ಲಿ ಮಾಡಬಹುದು. ಬಲ್ಲವರಿಲ್ಲದ ಕಡೆ ಹದಿಮೂರರ ಮಗುವನ್ನು ಬಿಡಬೇಡಿ ಎಂದಷ್ಟೇ ನನ್ನ ಮಾತು.

ಈಜು ಎಲ್ಲ ರೋಗಕ್ಕೂ ಮದ್ದೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಎಸೆತಗಾರನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಫ್ರೀಸ್ಟೈಲ್ ಮತ್ತು ಬಟರ್‌ಫ್ಲೈಗಳಲ್ಲಿ ಕೈ ತಲೆಯ ಮೇಲಿಂದ ಸುತ್ತಿ ಬರುತ್ತದೆ. ಈಜುಗಾರರಿಗೇ ಅವರದೇ ಆದ ಭುಜನೋವು ಇರುವಾಗ, ಬಿಡುವಿನಲ್ಲಿರುವ ಭುಜವನ್ನು ಅಲ್ಲಿಗೆ ಕೊಂಡೊಯ್ದು ಸಾವಿರ ಬಾರಿ ತಿರುಗಿಸುವುದು ವಿಶ್ರಾಂತಿಯಾಗುವುದಿಲ್ಲ. ಕಿಕ್‌ಬೋರ್ಡ್ ಹಿಡಿದು ಕಾಲು ಬಡಿಯುವುದು, ಎದೆಮಟ್ಟದ ನೀರಿನಲ್ಲಿ ಓಡುವುದು, ಮಿತವಾಗಿ ಬ್ರೆಸ್ಟ್‌ಸ್ಟ್ರೋಕ್ – ಇವು ಉಸಿರನ್ನು ಬೆಳೆಸುತ್ತವೆ, ಕೀಲುಗಳಿಗೆ ಭಾರವಿಲ್ಲ. ಮಂಗಳೂರಿನಲ್ಲಿ ಲೇಡಿಹಿಲ್‌ನ ಪಾಲಿಕೆ ಈಜುಕೊಳ ಮತ್ತು ಎಮ್ಮೆಕೆರೆಯ ಹೊಸ ಕೊಳ, ಉಡುಪಿಯಲ್ಲಿ ಅಜ್ಜರಕಾಡಿನ ಕೊಳ ಇರುವುದರಿಂದ ಸೌಲಭ್ಯಕ್ಕೆ ಕೊರತೆಯಿಲ್ಲ. ಆದರೆ ಮನೆಯಿಂದ ಎರಡು ಬಸ್ಸು ಬದಲಿಸಿ, ಒಣಗದ ಟವೆಲನ್ನು ಚೀಲಕ್ಕೆ ತುರುಕಿಕೊಂಡು ಜುಲೈ ತಿಂಗಳಿಡೀ ಹೋಗುತ್ತೀರಾ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಬೊಜ್ಜು ಇಳಿಸಬೇಕಾದವರಿಗೆ, ಮಂಡಿ ನೋವಿನಿಂದ ಓಡಲಾಗದವರಿಗೆ ಇದು ಮೊದಲ ಆಯ್ಕೆ. ಉಳಿದವರಿಗೆ ಜೊತೆಗಿನ ವ್ಯಾಯಾಮ ಮಾತ್ರ.

ಕಡಲ ಮರಳಿನ ಓಟಕ್ಕೆ ಖರ್ಚಿಲ್ಲ, ಪಣಂಬೂರು, ತಣ್ಣೀರುಬಾವಿ, ಮಲ್ಪೆಗಳಲ್ಲಿ ಜಾಗಕ್ಕೂ ಬರವಿಲ್ಲ. ಕಾಲಿನ ಬಲಕ್ಕೆ ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಅಲೆ ದಂಡೆಯನ್ನು ಕೊರೆದು ಕಡಿದಾಗಿಸುತ್ತದೆ, ನೀರಿನ ಅಂಚಿಗೆ ಹೋಗುವುದೇ ಅಪಾಯ. ಹಾಗಾಗಿ ಇದು ನವೆಂಬರ್‌ನಿಂದ ಮೇ ತನಕದ ಆಯ್ಕೆ. ಪುಡಿಮರಳಿನಲ್ಲಿ ಬರಿಗಾಲಲ್ಲಿ ಮೊದಲ ದಿನವೇ ಅರ್ಧ ಗಂಟೆ ಓಡಿದವರು ಮೀನಖಂಡ ಹಿಡಿದುಕೊಂಡು ಕೂರುತ್ತಾರೆ. ಇಳಿಜಾರಿನ ದಂಡೆಯಲ್ಲಿ ಒಂದೇ ದಿಕ್ಕಿಗೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಆದ್ದರಿಂದ ಹೋದಷ್ಟೇ ದೂರ ಮರಳಿ ಓಡಿಬನ್ನಿ. ಪಿಚರ್‌ಗೂ ಬೌಲರ್‌ಗೂ ಒಂದೇ ಸಮನೆ ಐದು ಕಿಲೋಮೀಟರ್ ಓಡುವುದಕ್ಕಿಂತ 30 ಮೀಟರಿನ ಹತ್ತು ಬಿರುಸಿನ ಓಟಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. ಅವರ ಆಟವೇ ಹಾಗೆ, ಕೆಲವು ಕ್ಷಣ ಸಿಡಿದು ಮತ್ತೆ ನಿಲ್ಲುವಂಥದ್ದು.

ಮಳೆಗಾಲಕ್ಕೆ ಬೇರೆ ಆಟ ಹಿಡಿಯುವುದನ್ನು ನಾನು ಮಕ್ಕಳಿಗೆ ಮನಸಾರೆ ಶಿಫಾರಸು ಮಾಡುತ್ತೇನೆ, ಒಂದು ಎಚ್ಚರಿಕೆಯೊಡನೆ. ಕೆಸರಿನಲ್ಲಿ ಫುಟ್‌ಬಾಲ್ ಆಡಲಿ, ಕಬಡ್ಡಿ ಆಡಲಿ. ಕಾಲು, ಸೊಂಟ, ಚುರುಕು ಎಲ್ಲವೂ ಬೆಳೆಯುತ್ತವೆ. ಶಟಲ್ ಮತ್ತು ವಾಲಿಬಾಲ್ ಮಾತ್ರ ಬಿಡುವಿನ ಲೆಕ್ಕಕ್ಕೆ ಬರುವುದಿಲ್ಲ. ಸ್ಮ್ಯಾಶ್ ಹೊಡೆಯುವ ಭುಜಕ್ಕೆ ಕೈಯಲ್ಲಿರುವುದು ರ‍್ಯಾಕೆಟ್ಟೋ ಚೆಂಡೋ ಎಂಬ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಇನ್ನು ರಬ್ಬರ್ ಟ್ಯೂಬ್. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಯುಕ್ತ, ಮತ್ತು ಎಲ್ಲಕ್ಕಿಂತ ಬೇಗ ಜನ ಬಿಟ್ಟುಬಿಡುವ ಆಯ್ಕೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲವು ನೂರು ರೂಪಾಯಿಗೆ ಟ್ಯೂಬ್ ಅಥವಾ ಥೆರಾಬ್ಯಾಂಡ್ ಪಟ್ಟಿ ಸಿಗುತ್ತದೆ. ಅಮೆರಿಕದ ಬೇಸ್‌ಬಾಲ್ ವಲಯದಲ್ಲಿ ‘ಥ್ರೋವರ್ಸ್ ಟೆನ್’ ಎಂದೇ ಹೆಸರಾದ ವ್ಯಾಯಾಮಗಳ ಗುಚ್ಛ ನಡೆಯುವುದು ಇಂಥ ಟ್ಯೂಬು ಮತ್ತು ಒಂದೆರಡು ಕಿಲೋದ ಡಂಬೆಲ್‌ಗಳಿಂದಲೇ. ಕಿಟಕಿಯ ಸರಳಿಗೆ ಟ್ಯೂಬನ್ನು ಮೊಣಕೈ ಎತ್ತರದಲ್ಲಿ ಕಟ್ಟಿ, ಎಸೆಯದ ಕೈಯ ಬದಿ ಕಿಟಕಿಯ ಕಡೆಗಿರುವಂತೆ ಅಡ್ಡವಾಗಿ ನಿಲ್ಲಿ. ಎಸೆಯುವ ಕೈಯ ಮೊಣಕೈಯನ್ನು ಸಮಕೋನದಲ್ಲಿ ಮಡಚಿ, ಪಕ್ಕೆಗೂ ತೋಳಿಗೂ ನಡುವೆ ಮಡಚಿದ ಬೈರಾಸನ್ನು (ಟವೆಲನ್ನು) ಸಿಕ್ಕಿಸಿ. ಈಗ ಹೊಟ್ಟೆಯ ಮುಂದಿನಿಂದ ಮುಂಗೈಯನ್ನು ಹೊರಕ್ಕೆ ತಿರುಗಿಸಿ, ಮೂರು ಎಣಿಸುತ್ತ ನಿಧಾನವಾಗಿ ಮರಳಿ ತನ್ನಿ. ಬೈರಾಸು ಕೆಳಗೆ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿತೆಂದು ಅರ್ಥ, ಆ ಎಣಿಕೆಯನ್ನು ಬಿಟ್ಟುಬಿಡಿ. ಟ್ಯೂಬು ಕೈಯನ್ನು ಸೆಳೆದು ಒಯ್ಯುತ್ತಿದ್ದರೆ ನೀವು ಆರಿಸಿದ ಬಣ್ಣ (ಬಣ್ಣ ಬದಲಾದಂತೆ ಟ್ಯೂಬಿನ ಬಿಗಿಯೂ ಬದಲಾಗುತ್ತದೆ) ನಿಮ್ಮ ಬಲಕ್ಕೆ ಮೀರಿದ್ದು. ಮರಳಿ ಬರುವ ಆ ಮೂರು ಎಣಿಕೆಯೇ ಮುಖ್ಯ, ಏಕೆಂದರೆ ಚೆಂಡು ಬಿಟ್ಟ ಮೇಲೆ ಕೈಯನ್ನು ತಡೆಯುವ ಕೆಲಸ ಅದೇ ಸ್ನಾಯುಗಳದ್ದು. ಇದರ ಜೊತೆಗೆ ಎರಡೂ ಕೈಗಳಿಂದ ಟ್ಯೂಬನ್ನು ಎದೆಯತ್ತ ಎಳೆಯುವುದು, ಬೋರಲಾಗಿ ಮಲಗಿ ಕೈಗಳನ್ನು ಪಕ್ಕಕ್ಕೆ ಎತ್ತುವುದು, ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವುದು), ಒಂಟಿ ಕಾಲಿನಲ್ಲಿ ಬಾಗುವುದು ಇವಿಷ್ಟು ಸೇರಿದರೆ ಅರ್ಧ ಗಂಟೆ. ವಾರಕ್ಕೆ ಮೂರು ದಿನ ಸಾಕು. ಒಂದೆರಡು ಊರಿನ ಮಾತುಗಳೂ ಇವೆ: ಮಳೆಗಾಲದಲ್ಲಿ ರೆಡ್ ಆಕ್ಸೈಡ್ ನೆಲ ಬೆವರಿ ಜಾರುತ್ತದೆ, ಚಾಪೆ ಹಾಸಿಕೊಳ್ಳಿ, ಟ್ಯೂಬನ್ನು ಬಳಸುವ ಮುನ್ನ ಪ್ರತಿ ಸಲ ಎಳೆದು ಬಿರುಕು ನೋಡಿ, ಹಳತಾದ ರಬ್ಬರ್ ತುಂಡಾಗಿ ಮುಖಕ್ಕೆ ಬಡಿದರೆ ಕಣ್ಣಿಗೆ ಅಪಾಯ. ಇದರ ದೊಡ್ಡ ಕೊರತೆ ಎರಡು. ತಿದ್ದುವವರು ಯಾರೂ ಇಲ್ಲ. ಕಾಲಿಗೆ ಬೇಕಾದಷ್ಟು ಭಾರವೂ ಸಿಗುವುದಿಲ್ಲ.

ಫಿಸಿಯೋಥೆರಪಿಸ್ಟರನ್ನು ನೋವು ಬಂದ ಮೇಲೆ ಮಾತ್ರ ಕಾಣಬೇಕೆಂಬುದು ನಮ್ಮ ರೂಢಿ. ಅದಕ್ಕೆ ಮೊದಲೇ ಋತುವಿನ ಕೊನೆಗೊಮ್ಮೆ, ಆರಂಭಕ್ಕೊಮ್ಮೆ ತೋರಿಸುವುದು ನಿಜವಾಗಿ ಉಳಿತಾಯ. ಎರಡೂ ಭುಜಗಳ ತಿರುಗುವಿಕೆಯನ್ನು ಅಳೆದು, ಎಸೆಯುವ ಭುಜ ಒಳಮುಖವಾಗಿ ಎಷ್ಟು ಬಿಗಿದಿದೆ, ಸೊಂಟ ಎಷ್ಟು ತಿರುಗುತ್ತದೆ ಎಂದು ಹೇಳುವವರು ಅವರೇ. ಟ್ಯೂಬಿನ ವ್ಯಾಯಾಮವನ್ನು ಎದುರಿಗೆ ಮಾಡಿಸಿ ತಿದ್ದಿದರೆ ಮೇಲೆ ಹೇಳಿದ ಮೊದಲ ಕೊರತೆಯೂ ನೀಗುತ್ತದೆ. ಮಂಗಳೂರು, ಮಣಿಪಾಲಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳು ಹಲವಿದ್ದು, ಅವುಗಳ ಹೊರರೋಗಿ ವಿಭಾಗಗಳಲ್ಲಿ ಮೊದಲು ವಿಚಾರಿಸಿ ನೋಡಿ. ಮೊಣಕೈಯ ಒಳಬದಿ ನೋಯುವುದು, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುವುದು, ರಾತ್ರಿ ಮಗ್ಗುಲು ಬದಲಿಸುವಾಗ ಭುಜ ಎಬ್ಬಿಸುವುದು, ವೇಗದ ಬೌಲರನಿಗೆ ಹಿಂದಕ್ಕೆ ಬಾಗಿದಾಗ ಸೊಂಟದ ಒಂದೇ ಬದಿ ನೋಯುವುದು – ಇವುಗಳಲ್ಲಿ ಯಾವುದಿದ್ದರೂ ಈ ಬರಹದ ಉಳಿದ ಆಯ್ಕೆಗಳೆಲ್ಲ ನಿಮಗಲ್ಲ, ಮೊದಲು ವೈದ್ಯರು. ನೋವಿನ ಮಾತ್ರೆ ನುಂಗಿ ಫೈನಲ್ ಆಡುವ ಶೌರ್ಯವನ್ನು ನಮ್ಮ ಪಂದ್ಯಾಟಗಳ ಧ್ವನಿವರ್ಧಕಗಳು ಹೊಗಳುವಷ್ಟು ನಾನು ಹೊಗಳಲಾರೆ.

ಈಗ ಯಾರಿಗೆ ಯಾವುದು ಎಂಬ ಮಾತು. ಹದಿನಾಲ್ಕರೊಳಗಿನ ಮಕ್ಕಳಿಗೆ ನನ್ನ ಆಯ್ಕೆ ಬೇರೆ ಆಟ ಮತ್ತು ಮನೆಯ ಟ್ಯೂಬು, ಅಷ್ಟೇ. ಈ ವಯಸ್ಸಿನಲ್ಲಿ ಮೊಣಕೈಯ ಬೆಳೆಯುವ ಮೂಳೆಯ ತುದಿ ಲಿಗಮೆಂಟಿಗಿಂತ ದುರ್ಬಲವಾಗಿರುವುದರಿಂದ ಬಿಡುವಿನ ತಿಂಗಳುಗಳಲ್ಲಿ ರಿಯಾಯಿತಿ ಕೂಡದು. ಕಾಲೇಜು ತಂಡದ ಪಿಚರ್ ಮತ್ತು ವೇಗದ ಬೌಲರ್‌ಗಳಿಗೆ ಜಿಮ್ಮಿನಲ್ಲಿ ವಾರಕ್ಕೆ ಮೂರು ದಿನ ಕಾಲು-ಬೆನ್ನು, ಮನೆಯಲ್ಲಿ ಮೂರು ದಿನ ಟ್ಯೂಬು. ಜಿಮ್ಮಿಗೆ ಹಣವಿಲ್ಲದಿದ್ದರೆ ಪುಸ್ತಕ ತುಂಬಿದ ಶಾಲಾಚೀಲ ಹೊತ್ತು ಒಂಟಿ ಕಾಲಿನ ಬಸ್ಕಿ ಹೊಡೆಯಿರಿ, ಛಾವಣಿ ಇರುವ ಮೆಟ್ಟಿಲುಗಳನ್ನು ಹತ್ತಿ. ಸಾಫ್ಟ್‌ಬಾಲ್ ಪಿಚರ್‌ಗಳಿಗೆ ಒಂದು ಮಾತು: ಕೈ ಕೆಳಗಿನಿಂದ ಬರುತ್ತದೆ, ಹಾಗಾಗಿ ಅಪಾಯವಿಲ್ಲ ಎಂದುಕೊಳ್ಳಬೇಡಿ, ಗಾಳಿಯಂತ್ರದ ರೆಕ್ಕೆಯಂತೆ ಸುತ್ತುವ ಆ ಎಸೆತವೂ ಭುಜವನ್ನು ದಣಿಸುತ್ತದೆ, ಎಣಿಕೆ ನಿಮಗೂ ಬೇಕು. ಶನಿವಾರದ ಪಂದ್ಯಾಟಗಳ ಗೆಳೆಯರಿಗೆ ಸಮಯವೇ ಬಡತನ, ಹಾಗಾಗಿ ಟ್ಯೂಬು ಮತ್ತು ವಾರಕ್ಕೊಂದು ಬಿರುಸಿನ ಓಟ. ಟೆನಿಸ್ ಚೆಂಡು ಹಗುರವೆಂಬ ಸಮಾಧಾನ ಬೇಡ. ಹಗುರವಾದಷ್ಟೂ ಕೈ ಹೆಚ್ಚು ವೇಗದಲ್ಲಿ ಬೀಸುತ್ತದೆ, ತಡೆಯುವ ಸ್ನಾಯುಗಳಿಗೆ ಕೆಲಸ ತಪ್ಪುವುದಿಲ್ಲ. ಕೈಯಲ್ಲಿ ಒಂದು ಸಾವಿರ ರೂಪಾಯಿ ಮಾತ್ರ ಇದೆ ಎಂದರೆ ಟ್ಯೂಬು ಕೊಂಡು, ಉಳಿದದ್ದನ್ನು ಒಂದು ಸಲದ ಫಿಸಿಯೋ ಭೇಟಿಗೆ ಇಡಿ.

ಯಾವುದನ್ನು ಆರಿಸಿದರೂ ಮರಳುವ ದಾರಿ ಒಂದೇ, ಮತ್ತು ಹೆಚ್ಚಿನವರು ಎಡವುವುದು ಅಲ್ಲಿಯೇ. ಮೂರು ತಿಂಗಳ ಬಿಡುವಿನ ನಂತರ ಮೊದಲ ಬಿಸಿಲಿಗೆ ಮೈದಾನಕ್ಕಿಳಿದು ಪೂರ್ಣ ಬಲದಿಂದ ಎಸೆದರೆ ಬಿಡುವೇ ವೈರಿಯಾಗುತ್ತದೆ. ಬೇಸ್‌ಬಾಲ್‌ನವರ ಹಂತಹಂತದ ಎಸೆತದ ಕ್ರಮ ನಮಗೂ ಹೊಂದುತ್ತದೆ: 45 ಅಡಿ ದೂರದಿಂದ 25 ಎಸೆತ, ವಿಶ್ರಾಂತಿ, ಮತ್ತೆ 25, ನಡುವೆ ಒಂದು ದಿನ ಬಿಟ್ಟು ಮತ್ತೆ. ನೋವಿಲ್ಲದಿದ್ದರೆ 60, 90, 120 ಅಡಿಗೆ ಏರುತ್ತ ಹೋಗಿ, ಆಮೇಲಷ್ಟೇ ಪಿಚಿಂಗ್ ಅಥವಾ ರನ್ನಪ್ ಸಹಿತ ಬೌಲಿಂಗ್. ಸೆಪ್ಟೆಂಬರ್ ಮೊದಲ ವಾರ ಆರಂಭಿಸಿದರೆ ದೀಪಾವಳಿಯ ಆಸುಪಾಸಿಗೆ ಪೂರ್ಣ ಬಲದ ಎಸೆತ ಸಿದ್ಧವಾಗುತ್ತದೆ, ಪಂದ್ಯಾಟಗಳ ಋತುವೂ ಆಗಲೇ ಶುರುವಾಗುವುದು.

ಈ ಲೆಕ್ಕ ಹೊಂದದವರು ಶಾಲಾ ಮಕ್ಕಳು, ಏಕೆಂದರೆ ಶಿಕ್ಷಣ ಇಲಾಖೆಯ ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು ಬಹುತೇಕ ಮಳೆಗಾಲದ ತಿಂಗಳುಗಳಲ್ಲೇ ಬರುತ್ತವೆ. ಜುಲೈ–ಆಗಸ್ಟ್‌ನಲ್ಲಿ ಆಯ್ಕೆ ಪಂದ್ಯವಿದ್ದರೆ ಬಿಡುವನ್ನು ರದ್ದುಮಾಡದೆ ಸ್ಥಳಾಂತರಿಸಿ: ಫೆಬ್ರವರಿಯ ಕೊನೆಯಿಂದ ಪರೀಕ್ಷೆ ಮುಗಿದು ಏಪ್ರಿಲ್ ಅಂತ್ಯದವರೆಗೆ ಚೆಂಡು ಮುಟ್ಟದಿರಲಿ, ಮೇ ತಿಂಗಳಲ್ಲಿ 45 ಅಡಿಯಿಂದ ಆರಂಭಿಸಿ. ಆಗ ಬೇಸಿಗೆ ಶಿಬಿರಕ್ಕೆ ಸೇರಿಸುವ ಮುನ್ನ ಶಿಬಿರದವರನ್ನು, ಮಗು ಅಲ್ಲಿ ದಿನಕ್ಕೆ ಎಷ್ಟು ಎಸೆಯುತ್ತದೆ, ಆ ಸಂಖ್ಯೆಯನ್ನು ಬರೆದಿಡುವವರು ಯಾರು ಎಂದು ಕೇಳಿ. ಬರೆದಿಡುವವರು ಯಾರೂ ಇಲ್ಲವಾದರೆ ಇನ್ನೂರು ಪುಟದ ಒಂದು ನೋಟ್‌ಬುಕ್ಕನ್ನು ಮಗುವಿನ ಚೀಲಕ್ಕೆ ಹಾಕಿ, ಪ್ರತಿ ಸಂಜೆ ಅದರಲ್ಲಿ ದಿನಾಂಕ, ಎಸೆತಗಳ ಸಂಖ್ಯೆ, ಕೈ ಹೇಗಿದೆ ಎಂಬ ಒಂದು ಸಾಲನ್ನು ಬರೆಸಿ.